ಕೌದಿಯ ಒಳಗೆ ಏನು ಹಾಕಲಿ?

ಪ್ರಶ್ನೆ: ನಮಸ್ಕಾರ ಅಕ್ಕ. ನಾನು ಧಾರವಾಡದ ಕಡೆಯವಳು, ಈಗ ಬೆಂಗಳೂರಿನಲ್ಲಿದ್ದೇನೆ. ಬ್ಲೌಸ್ ಹೊಲಿದು ಉಳಿದ ಬಟ್ಟೆ ತುಂಡುಗಳನ್ನು ಜೋಡಿಸಿ, 60 ಇಂಚು ಅಗಲ 90 ಇಂಚು ಉದ್ದದ ಕೌದಿಯ ಮೇಲ್ಭಾಗ ಮುಗಿಸಿದ್ದೇನೆ. ಒಳಗೆ ಹಾಕುವ ಬ್ಯಾಟಿಂಗ್, ಅಂದರೆ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಒಳಪದರದ ಹಾಳೆ, ಅದರ ಬೆಲೆ ಕೇಳಿ ಸುಮ್ಮನಾದೆ. ಮನೆಯಲ್ಲಿ ಎರಡು ಹಳೆಯ ಡಬಲ್ ಬೆಡ್‌ಶೀಟ್, ಅಮ್ಮನ ನಾಲ್ಕು ಕಾಟನ್ ಸೀರೆ, ಐದಾರು ಟವೆಲ್, ಒಂದು ಫ್ಲೀಸ್ ಬ್ಲಾಂಕೆಟ್ ಇವೆ. ಹಳೆಯ ಹಾಸಿಗೆ ಬಿಚ್ಚಿದ ಹತ್ತಿಯೂ ಒಂದು ಚೀಲ ಇದೆ. ಇದರಲ್ಲಿ ಯಾವುದು ಹಾಕಿದರೆ ಒಳ್ಳೆಯದು? ಒಗೆದ ಮೇಲೆ ಒಳಗಿನದು ಗಂಟು ಕಟ್ಟುವುದಿಲ್ಲವಾ? ನನ್ನ ಹತ್ತಿರ ಸಾದಾ ಹೊಲಿಗೆ ಮಷಿನ್ ಇದೆ.

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಬೆಡ್‌ಶೀಟ್ ಮತ್ತು ಸೀರೆ ಹಾಕಿ. ಹಾಸಿಗೆಯ ಹತ್ತಿ ಬೇಡ, ಟವೆಲ್ ಬೇಡ. ಫ್ಲೀಸ್ ಬ್ಲಾಂಕೆಟ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಅದನ್ನು ಹಾಕಿದರೆ ಅದೊಂದನ್ನೇ ಹಾಕಬೇಕು, ಬೇರೆ ಯಾವುದರ ಜತೆಗೂ ಬೆರೆಸಬಾರದು. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ನೀವು ಧಾರವಾಡದ ಕಡೆಯವರು, ಹಾಗಾಗಿ ಇದನ್ನು ನಿಮಗೆ ನೆನಪು ಮಾಡಿದರೆ ಸಾಕು. ನಮ್ಮ ಕಡೆಯ ಕೌದಿಗೆ ಬ್ಯಾಟಿಂಗ್ ಅನ್ನುವುದು ಯಾವತ್ತೂ ಇರಲಿಲ್ಲ. ಹಳೆಯ ಸೀರೆಯ ಮೇಲೆ ಹಳೆಯ ಧೋತರ, ಅದರ ಮೇಲೆ ಇನ್ನೊಂದು ಸೀರೆ, ಮೇಲೆ ತುಂಡು ಅರಿವೆ, ಎಲ್ಲಾ ಸೇರಿಸಿ ಬೆರಳಗಲಕ್ಕೊಂದು ಸಾಲು ಹೊಲಿಗೆ. ಅಷ್ಟೇ. ನಮ್ಮಜ್ಜಿ ಹೊಲಿದ ಕೌದಿಯೊಂದರ ಅಂಚು ಹರಿದಾಗ ಒಳಗಿನ ಪದರಗಳನ್ನು ಎಣಿಸಿದ್ದೆ, ಐದು ಇದ್ದವು, ಅದರಲ್ಲಿ ಒಂದು ಅದಕ್ಕಿಂತ ಹಳೆಯ ಇನ್ನೊಂದು ಕೌದಿ! ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿಯೂ ಹೀಗೆಯೇ, ಕೆಳಗೆ ಒಂದು ಸೀರೆ ಹಾಸಿ ಅದರ ಮೇಲೆ ತುಂಡುಗಳನ್ನು ಕೂರಿಸುತ್ತಾ ಅಂಚಿನಿಂದ ಶುರುಮಾಡಿ ಸುತ್ತಿಕೊಂಡು ನಡುವಿಗೆ ಬರುತ್ತಾರೆ, ದಪ್ಪ ಬೇಕು ಅನ್ನಿಸಿದರೆ ನಡುವೆ ಇನ್ನೊಂದಿಷ್ಟು ಹಳೆಯ ಬಟ್ಟೆ ಸೇರಿಸುತ್ತಾರೆ. ಮೂಲೆಗೆ ತ್ರಿಕೋನದ ಮಡಿಕೆ ಇಡುತ್ತಾರೆ, ಅದನ್ನು ಫುಲಾ ಅನ್ನುತ್ತಾರೆ, ಅದಿಲ್ಲದ ಕವಂದಿ ಬೆತ್ತಲೆ ಅಂತಲೇ ಅವರ ಲೆಕ್ಕ. ಇದನ್ನೆಲ್ಲಾ ಹೇಳುವುದು ಯಾಕಂದರೆ, ದುಡ್ಡಿಲ್ಲದೆ ಏನೋ ಹೊಂದಿಸಿಕೊಳ್ಳುತ್ತಿದ್ದೇನೆ ಅನ್ನುವ ಅಳುಕು ನಿಮ್ಮ ಪ್ರಶ್ನೆಯಲ್ಲಿ ಕಾಣಿಸಿತು. ಹಾಗೆ ಅಂದುಕೊಳ್ಳಬೇಡಿ. ಇದೇ ನಮ್ಮ ಮೂಲ ಪದ್ಧತಿ.

ಈಗ ಒಳಪದರದ ಕೆಲಸ ಏನು ಅಂತ ನೋಡೋಣ. ಬೆಚ್ಚಗಿಡುವುದು ಒಂದು. ಉಬ್ಬಿಕೊಂಡು ಹೊಲಿಗೆಯ ಚಿತ್ತಾರವನ್ನು ಎತ್ತಿ ತೋರಿಸುವುದು ಇನ್ನೊಂದು. ಒಗೆದರೂ ಬಳಸಿದರೂ ಇದ್ದಲ್ಲೇ ಇರುವುದು ಮೂರನೆಯದು. ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯ ಎಳೆಗಳ ನಡುವೆ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಹಾಗಾಗಿಯೇ ಒಂದೇ ದಪ್ಪ ಚಾದರಕ್ಕಿಂತ ತೆಳುವಾದ ಮೂರು ಪದರ ಜಾಸ್ತಿ ಬೆಚ್ಚಗಿರುತ್ತದೆ. ಹಳೆಯ ಬಟ್ಟೆ ಮೊದಲನೆಯ ಕೆಲಸವನ್ನೂ ಮೂರನೆಯ ಕೆಲಸವನ್ನೂ ಬಹಳ ಚೆನ್ನಾಗಿ ಮಾಡುತ್ತದೆ. ಎರಡನೆಯದನ್ನು ಮಾಡುವುದಿಲ್ಲ. ಅಂಗಡಿಯ ಕ್ವಿಲ್ಟ್ ಹಾಗೆ ಉಬ್ಬಿದ ನೋಟ ಬೇಕು ಅಂದರೆ ಮನೆಯ ಬಟ್ಟೆಯಿಂದ ಅದು ಬರುವುದಿಲ್ಲ, ಇದನ್ನು ಈಗಲೇ ತಿಳಿದುಕೊಂಡರೆ ಒಳ್ಳೆಯದು. ಬರುವುದು ಚಪ್ಪಟೆಯಾದ, ಮೈಗೆ ಅಂಟಿಕೊಂಡು ಮಲಗುವ, ಒಗೆದಷ್ಟೂ ಮೆತ್ತಗಾಗುವ ಕೌದಿ.

ಹಾಸಿಗೆಯ ಹತ್ತಿಯ ವಿಷಯಕ್ಕೆ ಬರೋಣ. ನಿಮ್ಮ ಗಂಟಿನ ಭಯ ಪೂರ್ತಿ ನಿಜವಾಗುವುದು ಇದರಲ್ಲೇ. ನಾನು ಹೊಲಿಗೆ ಕಲಿತ ಹೊಸದರಲ್ಲಿ ಇದೇ ಮಾಡಿದ್ದೆ. ಹಳೆಯ ಹಾಸಿಗೆಯ ಹತ್ತಿಯನ್ನು ಕೈಯಲ್ಲೇ ಬಿಡಿಸಿ, ಎರಡು ಬಟ್ಟೆಯ ನಡುವೆ ಹರಡಿ, ಗೇಣಿಗೊಂದು ಗೆರೆ ಮಷಿನ್ ಹೊಲಿಗೆ ಹಾಕಿದೆ. ನೋಡಲು ತುಂಬಾ ಚೆನ್ನಾಗಿತ್ತು. ಮೊದಲ ಸಲ ಒಗೆದು ಹಗ್ಗದ ಮೇಲೆ ಹಾಕಿದಾಗ, ನೀರಿನ ಭಾರಕ್ಕೆ ಹತ್ತಿಯೆಲ್ಲಾ ಕೆಳಗಿಳಿದು ಪ್ರತಿ ಪಟ್ಟಿಯ ತುದಿಯಲ್ಲೂ ಮುಷ್ಟಿ ಗಾತ್ರದ ಉಂಡೆ ಕಟ್ಟಿತು. ಮೇಲಿನ ಅರ್ಧ ಭಾಗ ಬರೀ ಎರಡು ಬಟ್ಟೆ. ತಿಂಗಳುಗಟ್ಟಲೆ ಜೋಡಿಸಿದ ತುಂಡುಗಳು ಅವು. ಬಿಚ್ಚುವಾಗ ಅತ್ತಿದ್ದೆ. ಬಿಡಿ ಹತ್ತಿಗೆ ಒಂದನ್ನೊಂದು ಹಿಡಿದುಕೊಳ್ಳುವ ಶಕ್ತಿ ಇಲ್ಲ, ಅದರಲ್ಲೂ ವರ್ಷಗಟ್ಟಲೆ ಮೈಭಾರ ಹೊತ್ತ ಹತ್ತಿಯ ಎಳೆ ಮುರಿದು ಗಿಡ್ಡವಾಗಿರುತ್ತದೆ. ಪಿಂಜಾರರ ಹತ್ತಿರ ಕೊಟ್ಟು ಹಿಂಜಿಸಿದರೆ ಹಗುರಾಗುತ್ತದೆ ನಿಜ, ಆದರೆ ಗಿಡ್ಡ ಎಳೆ ಉದ್ದವಾಗುವುದಿಲ್ಲ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಅಂತ ಒಂದು ಊರಿದೆ, ಅಲ್ಲಿನ ಕಪ್ಪು ಹೆಂಗಸರು ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಬಂದು ಜಗತ್ತಿಗೆಲ್ಲಾ ಗೊತ್ತಾದವು. ಹಿಂದೆ ಅವರು ಜಿನ್ನಿನ, ಅಂದರೆ ಹತ್ತಿಯಿಂದ ಬೀಜ ಬೇರ್ಪಡಿಸುವ ಗಿರಣಿಯ ನೆಲ ಗುಡಿಸಿದ ಹತ್ತಿಯನ್ನು ತಂದು, ಕೋಲಿನಿಂದ ಬಡಿದು ಬಿಡಿಸಿ ಒಳಗೆ ತುಂಬುತ್ತಿದ್ದರು. ಅದು ನಿಲ್ಲಬೇಕಾದರೆ ಹೊಲಿಗೆ ಒತ್ತೊತ್ತಾಗಿ ಬೀಳಬೇಕು. ಕೈಯಲ್ಲಿ ಒಂದೊಂದು ಇಂಚಿಗೆ ಸಾಲು ಹಾಕುವ ತಾಳ್ಮೆ ಇದ್ದರೆ ಮಾತ್ರ ಬಿಡಿ ಹತ್ತಿಯ ಕಡೆ ನೋಡಿ. ಇಲ್ಲದಿದ್ದರೆ ಆ ಚೀಲವನ್ನು ಬಿಸಿಲಿಗೆ ಹಾಕಿ, ದಿಂಬಿಗೋ ಕೂರುವ ಮೆತ್ತೆಗೋ ಬಳಸಿ. ಬೂರುಗದ ಹತ್ತಿಗೂ ಇದೇ ಮಾತು. ಅದರ ಎಳೆ ಇನ್ನೂ ನುಣುಪು, ಹಿಡಿದರೆ ಜಾರುತ್ತದೆ, ದಿಂಬಿಗೆ ಬಿಟ್ಟರೆ ಬೇರೆಯದಕ್ಕಲ್ಲ. ಹಳೆಯ ದಿಂಬಿನ ಪಾಲಿಯೆಸ್ಟರ್ ಫೈಬರ್ ಕೂಡ ಒಳಗೆ ಉಂಡೆಯಾಗುತ್ತದೆ.

ಟವೆಲ್ ಯಾಕೆ ಬೇಡ ಅಂದರೆ, ತೂಕ. ನಿಮ್ಮ ಕೌದಿಗೆ ಸುತ್ತ 3 ಇಂಚು ಜಾಸ್ತಿ ಬಿಟ್ಟುಕೊಂಡರೆ ಒಳಪದರ 66 ಇಂಚಿಗೆ 96 ಇಂಚು ಬೇಕು. ಅಂದರೆ ಸುಮಾರು 4 ಚದರ ಮೀಟರ್. ಸಾಮಾನ್ಯ ಟರ್ಕಿ ಟವೆಲ್ ಚದರ ಮೀಟರಿಗೆ 400 ಗ್ರಾಂ ಮೇಲೆಯೇ ಇರುತ್ತದೆ, ಹಾಗಾದರೆ ಒಳಪದರ ಒಂದೇ 1600 ಗ್ರಾಂ ಆಯಿತು. ಅದೇ ಅಳತೆಯ ಬೆಡ್‌ಶೀಟ್ ಅರ್ಧ ಕಿಲೋ ಆಸುಪಾಸು. ಒಣಗಿದಾಗ ಇಷ್ಟು, ಒದ್ದೆಯಾದರೆ ಟವೆಲ್ ಎಷ್ಟು ನೀರು ಕುಡಿಯುತ್ತದೆ ಅಂತ ನಿಮಗೇ ಗೊತ್ತು. ಬೆಂಗಳೂರಿನ ಮಳೆಗಾಲದಲ್ಲಿ ಅದು ಒಳಗೊಳಗೇ ಒಣಗದೆ ಮುಗ್ಗುಲು ವಾಸನೆ ಹಿಡಿಯುತ್ತದೆ. ಟವೆಲ್ ತುಂಡುಗಳನ್ನು ಮಸಿಬಟ್ಟೆಗೆ ಬಳಸಿ. ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆಗೆ ಎರಡು ಪದರ ಹಳೆಯ ಟವೆಲ್‌ಗಿಂತ ಒಳ್ಳೆಯ ಒಳಪದರ ಇನ್ನೊಂದಿಲ್ಲ, ಡೋರ್‌ಮ್ಯಾಟಿಗೂ ಅದೇ ಸರಿ.

ಫ್ಲೀಸ್ ಬ್ಲಾಂಕೆಟ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೇ ಇದೆ. ಹಗುರ, ಬೆಚ್ಚಗೆ, ಅಂಚು ಬಿಚ್ಚಿಕೊಳ್ಳುವುದಿಲ್ಲ, ಒಗೆದರೆ ಕುಗ್ಗುವುದಿಲ್ಲ, ಬೇಗ ಒಣಗುತ್ತದೆ. ಹೊಲಿಗೆ ಗೆರೆಗಳ ನಡುವೆ ಒಂದು ಗೇಣು ಅಂತರ ಬಿಟ್ಟರೂ ಅಲುಗಾಡುವುದಿಲ್ಲ. ಆದರೆ ಅದು ಪ್ಲಾಸ್ಟಿಕ್ಕಿನ ದಾರ. ಬೆವರು ಹೀರುವುದಿಲ್ಲ, ಫೆಬ್ರುವರಿ ದಾಟಿದರೆ ಬೆಂಗಳೂರಿನಲ್ಲೂ ಹೊದ್ದವರಿಗೆ ಸೆಕೆ ಆಗುತ್ತದೆ. ಬಿಸಿ ಇಸ್ತ್ರಿ ತಾಗಿದರೆ ಒಳಗೆ ಕರಗಿ ಗಟ್ಟಿಯಾಗುತ್ತದೆ. ಹಾಗಾಗಿ ಅದನ್ನು ಮಸಿಬಟ್ಟೆಗೆ, ಒಲೆ ಹತ್ತಿರದ ಯಾವ ವಸ್ತುವಿಗೂ ಹಾಕಲೇಬೇಡಿ, ಕೈ ಸುಟ್ಟುಕೊಳ್ಳುತ್ತೀರಿ. ಕಾಟನ್ ಜತೆ ಬೆರೆಸಬೇಡಿ ಅಂದಿದ್ದು ಯಾಕಂದರೆ, ಕಾಟನ್ ಇನ್ನೂ ಸ್ವಲ್ಪ ಕುಗ್ಗಬಹುದು, ಫ್ಲೀಸ್ ಕುಗ್ಗುವುದಿಲ್ಲ. ಒಂದು ಎಳೆಯುತ್ತದೆ, ಇನ್ನೊಂದು ಬಿಡುವುದಿಲ್ಲ, ನಡುವೆ ಕೌದಿ ಸುಕ್ಕಾಗುತ್ತದೆ.

ಯಾವ ಬಟ್ಟೆ ಯಾವುದು ಅಂತ ಅನುಮಾನ ಬಂದರೆ ಒಂದು ಸುಲಭದ ಪರೀಕ್ಷೆ ಇದೆ. ಅಂಚಿನಿಂದ ನಾಲ್ಕೈದು ಎಳೆ ಕಿತ್ತು, ಒಟ್ಟಿಗೆ ಹೊಸೆದು, ಚಿಮುಟದಲ್ಲಿ ಹಿಡಿದು ಸಿಂಕಿನ ಮೇಲೆ ಬೆಂಕಿ ತಾಗಿಸಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಬೆಂಕಿ ಕಂಡ ಕೂಡಲೇ ಮುದುರಿಕೊಂಡು ಕರಗಿ, ತಣ್ಣಗಾದ ಮೇಲೆ ಸಾಸಿವೆ ಕಾಳಿನ ಹಾಗೆ ಗಟ್ಟಿ ಮಣಿ ಉಳಿಯುತ್ತದೆ. ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ. ಅಮ್ಮನ ಕಾಟನ್ ಸೀರೆ ಅಂತ ನಾವು ಅಂದುಕೊಂಡಿದ್ದರಲ್ಲಿ ಅರ್ಧ ಪಾಲಿಯೆಸ್ಟರ್ ಇರುವುದು ಎಷ್ಟೋ ಸಲ ಹೀಗೆ ಗೊತ್ತಾಗುತ್ತದೆ, ಇಳಕಲ್ ಸೀರೆಯಲ್ಲಂತೂ ಒಡಲು ಒಂದು ನೂಲು, ಸೆರಗು ಇನ್ನೊಂದು ನೂಲು. ಹಾಗಾಗಿ ಎರಡು ಜಾಗದಿಂದ ಎಳೆ ತೆಗೆದು ನೋಡಿ.

ನೀವು ಕೇಳದಿದ್ದರೂ ಕಂಬಳಿಯ ಬಗ್ಗೆ ಒಂದು ಮಾತು, ಯಾಕಂದರೆ ಬೇರೆಯವರು ಬಹಳ ಕೇಳುತ್ತಾರೆ. ಕುರಿ ಉಣ್ಣೆಯ ಕಂಬಳಿ ಒಳಪದರಕ್ಕೆ ತುಂಬಾ ಬೆಚ್ಚಗಿರುತ್ತದೆ, ಆದರೆ ಸಾದಾ ಮಷಿನ್ನಿಗೆ ಅದು ಭಾರ, ಬಿಸಿನೀರು ಬಿದ್ದರೆ ಗಟ್ಟಿಯಾಗಿ ಕುಗ್ಗುತ್ತದೆ. ತಣ್ಣೀರಲ್ಲಿ ಕೈಯಿಂದ ಒಗೆಯುವವರು ಮಾತ್ರ ಹಾಕಿ. ಜೀನ್ಸ್ ಬೇಡ, ಭಾರ. ಫೋಮ್, ಪ್ಲಾಸ್ಟಿಕ್ ಹಾಳೆ, ಅಕ್ಕಿ ಚೀಲ, ಕಾಗದ, ಇವು ಯಾವುವೂ ಬೇಡ. ಬಟ್ಟೆ ಚಿಂದಿಯನ್ನು ಸಣ್ಣಗೆ ಕತ್ತರಿಸಿ ತುಂಬುವುದೂ ಬೇಡ, ಒಳಗೆ ಕಲ್ಲು ಕಲ್ಲಾಗಿ ಚುಚ್ಚುತ್ತದೆ.

ಇನ್ನು ನಿಜವಾದ ಕೆಲಸ, ಬೆಡ್‌ಶೀಟ್ ಮತ್ತು ಸೀರೆ. ಹಳೆಯ ಬಟ್ಟೆ ಮೆತ್ತಗಿದ್ದರೆ ಒಳ್ಳೆಯದು, ಜೀರ್ಣವಾಗಿದ್ದರೆ ಅಲ್ಲ. ಈ ಎರಡರ ನಡುವಿನ ವ್ಯತ್ಯಾಸ ಕೈಗೆ ಗೊತ್ತಾಗಬೇಕು. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ನೇಯ್ಗೆ ಬಲೆಯ ಹಾಗೆ ಕಾಣುವ ಜಾಗಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿ. ಆ ಜಾಗವನ್ನು ಎರಡೂ ಕೈಯ ಹೆಬ್ಬೆರಳು ಸೇರಿಸಿ ಹಿಡಿದು ಒಂದು ಸಲ ಝಟ್ಟನೆ ಎಳೆಯಿರಿ. ಟಪ್ ಅಂತ ಬಿಗಿದು ನಿಂತರೆ ಗಟ್ಟಿ ಇದೆ. ಸಣ್ಣಗೆ ಚರ್ ಅಂದರೆ ಅದು ಹೊಲಿಗೆ ತಡೆಯುವುದಿಲ್ಲ, ಮಷಿನ್ ಸೂಜಿ ಹೋದಲ್ಲೆಲ್ಲಾ ತೂತಿನಿಂದ ಬಿಚ್ಚಿಕೊಳ್ಳುತ್ತದೆ. ಸೀರೆಯಲ್ಲಿ ಸವೆಯುವುದು ಪಾದದ ಹತ್ತಿರದ ಕೆಳ ಅಂಚು ಮತ್ತು ಕೂತು ಏಳುವಾಗ ತಿಕ್ಕುವ ಹಿಂಭಾಗ. ಸೆರಗು, ಒಳಗೆ ಸಿಕ್ಕಿಸುವ ತುದಿ, ಇವೆರಡು ಗಟ್ಟಿಯಾಗಿಯೇ ಉಳಿದಿರುತ್ತವೆ. ಬೆಡ್‌ಶೀಟಿನಲ್ಲಿ ನಡುಭಾಗ ಸವೆದಿರುತ್ತದೆ, ಪಕ್ಕಗಳು ಹೊಸದರ ಹಾಗಿರುತ್ತವೆ.

ಲೆಕ್ಕ ಹೀಗೆ. ಡಬಲ್ ಬೆಡ್‌ಶೀಟ್ 90 ಇಂಚಿಗೆ 100 ಇಂಚು ಇದ್ದರೆ ನಿಮಗೆ ಬೇಕಾದ 66 ಇಂಚಿಗೆ 96 ಇಂಚು ಒಂದೇ ತುಂಡಿನಲ್ಲಿ ಬರುತ್ತದೆ, ಜೋಡಣೆಯೇ ಬೇಡ. ಸೀರೆ ಐದೂವರೆ ಮೀಟರ್ ಅಂದರೆ 216 ಇಂಚು ಉದ್ದ, ಅಗಲ 45 ಇಂಚು ಆಸುಪಾಸು. 96 ಇಂಚಿನ ಎರಡು ತುಂಡು ಕತ್ತರಿಸಿ ಪಕ್ಕಪಕ್ಕ ಇಟ್ಟರೆ ಅಗಲ 90 ಇಂಚು. ನಿಮಗೆ ಬೇಕಿರುವುದು 66. ಉಳಿದ 24 ಇಂಚನ್ನು ಸವೆದ ಕೆಳ ಅಂಚು ಕತ್ತರಿಸಿ ಎಸೆಯಲು ಬಳಸಿಕೊಳ್ಳಬಹುದು. ಒಂದು ಸೀರೆಗೆ ಒಂದು ಪದರ, ಸರಿಯಾಗಿ ಸಾಲುತ್ತದೆ.

ಎರಡು ತುಂಡು ಜೋಡಿಸುವಾಗ ಒಂದರ ಮೇಲೊಂದು ಹತ್ತಿಸಿ ಹೊಲಿಯಬೇಡಿ, ಅಲ್ಲಿ ಏಣಿನ ಹಾಗೆ ಗೆರೆ ಎದ್ದು ಕಾಣುತ್ತದೆ. ಅಂಚಿಗೆ ಅಂಚು ಮುಟ್ಟಿಸಿಟ್ಟು ಅಗಲದ ಜಿಗ್‌ಜ್ಯಾಗ್ ಹೊಲಿಗೆ ಹಾಕಿ. ನಿಮ್ಮ ಮಷಿನ್ನಿನಲ್ಲಿ ಜಿಗ್‌ಜ್ಯಾಗ್ ಇಲ್ಲದಿದ್ದರೆ ಕೈಯಲ್ಲೇ ಅತ್ತಿಂದಿತ್ತ ಸಡಿಲವಾಗಿ ದಾರ ಎಳೆದರೆ ಸಾಕು, ಒಳಗಿರುವುದು, ಯಾರಿಗೂ ಕಾಣಿಸುವುದಿಲ್ಲ. ಎರಡು ಪದರದಲ್ಲೂ ಜೋಡಣೆ ಇದ್ದರೆ ಒಂದರ ಗೆರೆ ಇನ್ನೊಂದರ ಗೆರೆಯ ಮೇಲೆ ಬರದ ಹಾಗೆ ಇಡಿ, ಗೋಡೆಗೆ ಇಟ್ಟಿಗೆ ಇಡುವ ಹಾಗೆ.

ಕತ್ತರಿಸುವ ಮೊದಲು ಎಲ್ಲವನ್ನೂ ಒಂದು ಸಲ ಬಿಸಿನೀರಲ್ಲಿ ಒಗೆಯಿರಿ. ಮೇಲ್ಭಾಗದ ಬ್ಲೌಸ್ ತುಂಡುಗಳ ವಿಷಯದಲ್ಲಿ ಮಾತ್ರ ನನಗೆ ಚಿಂತೆ. ಅದನ್ನು ಈಗಾಗಲೇ ಜೋಡಿಸಿಬಿಟ್ಟಿದ್ದೀರಿ, ಅದರಲ್ಲಿ ಬಣ್ಣ ಬಿಡುವ ಕೆಂಪು, ನೀಲಿ ಇದ್ದೇ ಇರುತ್ತದೆ. ಬಿಳಿ ಕರ್ಚೀಫನ್ನು ಒದ್ದೆ ಮಾಡಿ, ಗಾಢ ಬಣ್ಣದ ಪ್ರತಿ ತುಂಡಿನ ಮೇಲೂ ಅರ್ಧ ನಿಮಿಷ ಒತ್ತಿ ಉಜ್ಜಿ. ಬಣ್ಣ ಹತ್ತಿದರೆ ಆ ತುಂಡನ್ನು ಈಗಲೇ ಬಿಚ್ಚಿ ಬದಲಾಯಿಸಿ. ಬೇಸರದ ಕೆಲಸ, ಗೊತ್ತು. ಆದರೆ ಹೊಲಿದು ಮುಗಿಸಿದ ಮೇಲೆ ಅದು ಅಕ್ಕಪಕ್ಕದ ಹತ್ತು ತುಂಡಿಗೆ ಹತ್ತಿದರೆ ಏನೂ ಮಾಡಲಾಗುವುದಿಲ್ಲ.

ಹಾಸುವಾಗ ನೆಲ ಒರೆಸಿ, ಅಡಿಯ ಬಟ್ಟೆಯನ್ನು ಉಲ್ಟಾ ಹಾಸಿ, ನಾಲ್ಕೂ ಕಡೆ ಬಿಗಿಯಾಗಿ ಟೇಪ್ ಅಂಟಿಸಿ. ಬಿಗಿ ಅಂದರೆ ಸುಕ್ಕಿಲ್ಲದ ಹಾಗೆ, ಹಿಗ್ಗಿಸಬೇಡಿ. ಅದರ ಮೇಲೆ ಒಳಪದರಗಳು, ಮೇಲೆ ನಿಮ್ಮ ಜೋಡಿಸಿದ ಭಾಗ. ಪ್ರತಿ ಪದರ ಹಾಕಿದಾಗಲೂ ಅಂಗೈಯಿಂದ ನಡುವಿನಿಂದ ಹೊರಗೆ ಸವರಿ. ಆಮೇಲೆ ಕಚ್ಚಾ ಹೊಲಿಗೆ, ನಡುವಿನಿಂದ ಶುರುಮಾಡಿ ನಕ್ಷತ್ರದ ಹಾಗೆ ಹೊರಗೆ, ಗೆರೆಯಿಂದ ಗೆರೆಗೆ ನಾಲ್ಕು ಬೆರಳಿಗಿಂತ ಜಾಸ್ತಿ ಅಂತರ ಬೇಡ. ಬಟ್ಟೆಯ ಒಳಪದರ ಬ್ಯಾಟಿಂಗ್ ಹಾಗೆ ಮೇಲಿನದನ್ನು ಅಂಟಿ ಹಿಡಿಯುವುದಿಲ್ಲ, ನುಣುಪಾದ ಸೀರೆ ಆದರೆ ಜಾರುತ್ತದೆ. ಹಾಗಾಗಿ ಕಚ್ಚಾ ಹೊಲಿಗೆಯಲ್ಲಿ ಅವಸರ ಮಾಡಿದವರಿಗೆ ಕೊನೆಯಲ್ಲಿ ಅಡಿಯ ಬಟ್ಟೆಯಲ್ಲಿ ಮಡಿಕೆ ಸಿಗುತ್ತದೆ. ನನ್ನ ಹತ್ತಿರ ಕಲಿಯಲು ಬಂದವರಲ್ಲಿ ಹತ್ತಕ್ಕೆ ಎಂಟು ಜನ ಎಡವುವುದು ಇಲ್ಲೇ.

ಮಷಿನ್ನಿಗೆ 16 ನಂಬರ್ ಸೂಜಿ ಹಾಕಿ, ಹೊಸದು. ಹೊಲಿಗೆಯ ಉದ್ದ 3 ಮಿಲಿಮೀಟರ್ ಇಡಿ, ಬಟ್ಟೆಯನ್ನು ಒತ್ತಿ ಹಿಡಿಯುವ ಮಷಿನ್ನಿನ ಪಾದದ ಒತ್ತಡ ಸ್ವಲ್ಪ ಸಡಿಲಿಸಿ. ಮೇಲಿನ, ಕೆಳಗಿನ ಪದರಗಳನ್ನು ಒಟ್ಟಿಗೆ ಮುಂದೆ ಸರಿಸುವ ವಾಕಿಂಗ್ ಫೂಟ್ ಅನ್ನುವ ಪಾದ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ನಿಧಾನವಾಗಿ ಹೊಲಿದರೆ ನಡೆಯುತ್ತದೆ. ನಡುವಿನ ಗೆರೆ ಮೊದಲು, ಆಮೇಲೆ ಒಂದು ಬಲಕ್ಕೆ, ಒಂದು ಎಡಕ್ಕೆ. ಅಂತರ ಎಷ್ಟಿರಬೇಕು ಅಂತ ಕೇಳುತ್ತೀರಿ. ಬಟ್ಟೆ ಇಡಿಯಾಗಿರುವುದರಿಂದ ಒಳಗೆ ಗಂಟು ಕಟ್ಟುವ ಪ್ರಶ್ನೆಯೇ ಇಲ್ಲ, 5 ಇಂಚು ಬಿಟ್ಟರೂ ಅದು ಎಲ್ಲಿಗೂ ಹೋಗುವುದಿಲ್ಲ. ಆದರೂ ನಾನು 2 ಇಂಚು ಅನ್ನುತ್ತೇನೆ. ಹಳೆಯ ಬಟ್ಟೆಗೆ ಸ್ವಂತ ಬಲ ಕಮ್ಮಿ, ಅದು ಬದುಕುವುದು ಹೊಲಿಗೆಯ ಬಲದಲ್ಲಿ. ನಮ್ಮವರು ಬೆರಳಗಲಕ್ಕೆ ಸಾಲು ಹಾಕಿದ್ದು ಬರೀ ಚಂದಕ್ಕಲ್ಲ. ಮಹಾನವಮಿಗೆ ಮೊದಲು ಮನೆಯ ಕೌದಿಯೆಲ್ಲಾ ಹೊಳೆಗೆ ಒಯ್ದು ಬಂಡೆಗೆ ಬಡಿದು ಒಗೆಯುತ್ತಿದ್ದರು ನೋಡಿ, ಆ ಏಟು ತಡೆದದ್ದು ಆ ಹೊಲಿಗೆಯಿಂದಲೇ.

ಹಾಗಾದರೆ ನಿಮ್ಮ ಕೌದಿಗೆ ಏನೇನು? ಎರಡು ಬೆಡ್‌ಶೀಟಿನಲ್ಲಿ ಗಟ್ಟಿ ಇರುವುದು ಕೆಳಗಿನ ಪದರಕ್ಕೆ. ಇನ್ನೊಂದು ಒಳಗೆ. ಜತೆಗೆ ಒಂದು ಸೀರೆ. ಮೇಲಿನದು ಸೇರಿ ನಾಲ್ಕು ಪದರ, ಒಟ್ಟು ತೂಕ ಎರಡು ಕಿಲೋ ಒಳಗೇ ಇರುತ್ತದೆ, ಬೆಂಗಳೂರಿನ ಡಿಸೆಂಬರಿಗೆ ಸಾಕು. ಸಾದಾ ಮಷಿನ್ ಇಷ್ಟನ್ನು ಆರಾಮಾಗಿ ಹೊಲಿಯುತ್ತದೆ. ಇನ್ನೊಂದು ಸೀರೆ ಸೇರಿಸಿದರೂ ನಡೆಯುತ್ತದೆ, ಆದರೆ ಬ್ಲೌಸ್ ತುಂಡುಗಳ ಜೋಡಣೆ ಬರುವ ಕಡೆ ಸೂಜಿ ಒದ್ದಾಡಬಹುದು.

ಅಮ್ಮನ ಸೀರೆ ಅಂದಿದ್ದೀರಿ. ಅಮ್ಮ ಇದ್ದಾರೋ ಇಲ್ಲವೋ ನೀವು ಬರೆದಿಲ್ಲ, ನಾನು ಕೇಳುವುದೂ ಇಲ್ಲ. ನಾಲ್ಕರಲ್ಲಿ ಎಳೆದು ನೋಡಿದಾಗ ಗಟ್ಟಿ ನಿಂತವುಗಳ ಪೈಕಿ ಹೆಚ್ಚು ಸವೆದದ್ದು ಯಾವುದೋ ಅದನ್ನು ಒಳಗೆ ಹಾಕಿ. ಮೈಗೆ ಅತ್ಯಂತ ಮೆತ್ತಗೆ ಅನ್ನಿಸುವುದು ಅದೇ ಆಗಿರುತ್ತದೆ. ಕತ್ತರಿಸುವ ಮೊದಲು ಅದರ ಸೆರಗನ್ನು ಮಾತ್ರ ಬೇರೆ ತೆಗೆದಿಟ್ಟು, ಕೌದಿಯ ಸುತ್ತ ಅಂಚು ಕಟ್ಟುವುದಕ್ಕೆ ಪಟ್ಟಿ ಮಾಡಿ. ಸುತ್ತಳತೆ 300 ಇಂಚು, ಎರಡೂವರೆ ಇಂಚಿನ ಪಟ್ಟಿ ಎಂಟು ಬೇಕು, 45 ಇಂಚು ಅಗಲದ ಸೆರಗಿನಲ್ಲಿ 20 ಇಂಚು ಕತ್ತರಿಸಿದರೆ ಆಯಿತು. ಮೊದಲು ಹರಿಯುವುದು ಕೌದಿಯ ಅಂಚೇ, ಹಾಗಾಗಿ ಅಲ್ಲಿಗೆ ಸೆರಗಿನ ಗಟ್ಟಿ ಬಟ್ಟೆಯೇ ಸರಿ. ರಾತ್ರಿ ಹೊದ್ದುಕೊಂಡಾಗ ಗಲ್ಲಕ್ಕೆ ತಾಗುವುದೂ ಆ ಅಂಚೇ ಅಲ್ವಾ. ಉಳಿದ ಮೂರು ಸೀರೆಗೆ ಈಗ ಕತ್ತರಿ ಹಾಕಬೇಡಿ.

ಶುರು ಮಾಡುವ ಮೊದಲು ಒಂದೇ ಒಂದು ಕೆಲಸ. ಬೆಡ್‌ಶೀಟಿನ ಉಳಿಕೆಯಿಂದ ಎರಡು, ಸೀರೆಯಿಂದ ಒಂದು, ಬ್ಲೌಸ್ ಬಟ್ಟೆಯಿಂದ ಒಂದು, 12 ಇಂಚಿನ ಚೌಕ ಕತ್ತರಿಸಿ ಇದೇ ಕ್ರಮದಲ್ಲಿ ಜೋಡಿಸಿ, 2 ಇಂಚಿಗೊಂದು ಗೆರೆ ಹೊಲಿದು, ದಿನಕ್ಕೊಂದು ಸಲ ಮೂರು ದಿನ ಒಗೆದು ಬಿಸಿಲಿಗೆ ಹಾಕಿ. ನಾಲ್ಕನೆಯ ದಿನ ಅಳೆಯಿರಿ. ಹನ್ನೊಂದೂವರೆ ಇಂಚಿಗಿಂತ ಕಮ್ಮಿ ಬಂದರೆ ಬಟ್ಟೆ ಇನ್ನೂ ಕುಗ್ಗುತ್ತಿದೆ ಅಂತ ಅರ್ಥ, ಎಲ್ಲವನ್ನೂ ಮತ್ತೊಮ್ಮೆ ಬಿಸಿನೀರಿಗೆ ಹಾಕಿ. ಸರಿಯಾಗಿ ಬಂದರೆ ಆ ಚೌಕವನ್ನು ಎಸೆಯಬೇಡಿ, ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಡಲು ಆಗುತ್ತದೆ. ನೆಲದ ಮೇಲೆ ಹಾಸುವ ದಿನ ಯಾರನ್ನಾದರೂ ಜತೆಗೆ ಕರೆದುಕೊಳ್ಳಿ, 96 ಇಂಚಿನ ಬಟ್ಟೆಯ ಎರಡು ತುದಿ ಒಬ್ಬರಿಗೇ ಸಿಗುವುದಿಲ್ಲ.